ಪಕ್ಕದ ಮನೆಯ ಯೂಲ್ ಹಬ್ಬಕ್ಕೆ ಹೋಗಬಹುದಾ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಗಳ ಮನೆಗೆ ಹೋಗಿರುವ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಪಕ್ಕದ ಮನೆಯವರು ವಿಕ್ಕಾ ಧರ್ಮದವರಂತೆ. ಡಿಸೆಂಬರ್ 21ರ ರಾತ್ರಿ ಯೂಲ್ ಹಬ್ಬಕ್ಕೆ ಮಕ್ಕಳ ಸಮೇತ ಕರೆದಿದ್ದಾರೆ. 'ಅವರು ವಿಚ್ ಕಣಮ್ಮ' ಅಂತ ಮಗಳು ಹೇಳಿದಾಗಿನಿಂದ ಇವರಿಗೆ ಭಯ. ಇದು ಮಾಟ ಮಂತ್ರವಾ, ಸೈತಾನನ ಪೂಜೆಯಾ, ಕ್ರಿಸ್‌ಮಸ್‌ಗಿಂತ ಹಳೆಯದು ಅನ್ನುವುದು ನಿಜವಾ, ಮೊಮ್ಮಕ್ಕಳನ್ನು ಕಳಿಸಬಹುದಾ ಎಂದು ಕೇಳಿದ್ದಾರೆ.

ಕಳಿಸಿ, ನೀವೂ ಹೋಗಿ.

ಸೈತಾನ ಕ್ರೈಸ್ತರ ನಂಬಿಕೆಗೆ ಸೇರಿದವನು. ವಿಕ್ಕಾದವರು ಅವನನ್ನು ನಂಬುವುದೇ ಇಲ್ಲ, ಇನ್ನು ಪೂಜೆ ಎಲ್ಲಿಂದ ಬಂತು? ಹೆಚ್ಚಿನವರು ಪೂಜಿಸುವುದು ಒಬ್ಬ ದೇವಿಯನ್ನು, ಒಬ್ಬ ದೇವನನ್ನು. ಮಂತ್ರ ಹಾಕುತ್ತಾರಾ ಅಂದರೆ, ಅನೇಕರು ಹಾಕುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಯಾರಿಗೂ ಕೇಡಾಗದಂತೆ ನಡೆದುಕೋ ಅನ್ನುವುದೇ ಅವರು ಜಾಸ್ತಿ ನೆನೆಯುವ ಮಾತು.

ಹಬ್ಬ ಯಾಕೆ ಅನ್ನುವುದು ನಿಮಗೆ ಅಲ್ಲಿನ ಕಿಟಕಿಯಿಂದಲೇ ಗೊತ್ತಾಗಿರುತ್ತದೆ. ಆ ದಿನ ಲೀಡ್ಸ್‌ನಲ್ಲಿ ಹಗಲು ಸುಮಾರು ಏಳೂವರೆ ಗಂಟೆ ಮಾತ್ರ, ಸಂಜೆ 4 ಆಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ದಾವಣಗೆರೆಯಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಜಾಸ್ತಿ ಬೆಳಕಿರುತ್ತದೆ, ಹಾಗಾಗಿ ನಮಗೆ ಈ ರಾತ್ರಿಯ ಭಾರ ಸುಲಭಕ್ಕೆ ತಿಳಿಯುವುದಿಲ್ಲ. ಅತಿ ಉದ್ದದ ಈ ರಾತ್ರಿಯಲ್ಲಿ ದೇವಿ ಸೂರ್ಯನನ್ನು ಮತ್ತೆ ಹೆರುತ್ತಾಳೆ, ನಾಳೆಯಿಂದ ಹಗಲು ಬೆಳೆಯುತ್ತದೆ ಅನ್ನುವುದು ಅವರ ನಂಬಿಕೆ. ಭೂಮಿಯ ದಕ್ಷಿಣಾರ್ಧದಲ್ಲಿರುವ ಆಸ್ಟ್ರೇಲಿಯಾದವರು ಇದೇ ಹಬ್ಬವನ್ನು ಜೂನ್‌ನಲ್ಲಿ ಮಾಡುತ್ತಾರೆ, ಯಾಕಂದ್ರೆ ಅಲ್ಲಿ ಚಳಿಗಾಲ ಆಗ.

ಆಚರಣೆ ಮನೆಯಿಂದ ಮನೆಗೆ ಬೇರೆ. ಸಾಮಾನ್ಯವಾಗಿ ಎಲ್ಲರೂ ವೃತ್ತವಾಗಿ ನಿಲ್ಲುತ್ತಾರೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು ಎಂದು ನಾಲ್ಕು ದಿಕ್ಕುಗಳನ್ನು ಕರೆಯುತ್ತಾರೆ. ಎಷ್ಟೋ ಕಡೆ ಮನೆಯ ದೀಪಗಳನ್ನೆಲ್ಲ ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಸುಮ್ನೆ ಕೂತಿದ್ದು, ಆಮೇಲೆ ಒಂದೇ ಒಂದು ಮೇಣದಬತ್ತಿ ಹಚ್ಚಿ, ಅದರಿಂದ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಬತ್ತಿ ಹಚ್ಚಿಕೊಳ್ಳುತ್ತಾರೆ. ಒಲೆಯಿದ್ದರೆ ಅದರಲ್ಲಿ ದೊಡ್ಡ ಮರದ ಕೊರಡು, ಓಕ್ ಆದರೆ ಇನ್ನೂ ಒಳ್ಳೆಯದು, ಉರಿಯುತ್ತದೆ. ಅದರ ಒಂದು ತುಂಡನ್ನು ಎತ್ತಿಟ್ಟು ಮುಂದಿನ ವರ್ಷದ ಕೊರಡಿಗೆ ಅದರಿಂದಲೇ ಬೆಂಕಿ ಕೊಡುವುದು ಪದ್ಧತಿ. ಒಲೆಯಿಲ್ಲದವರು ಚಿಕ್ಕ ಕೊರಡಿಗೆ ತೂತು ಕೊರೆದು ಮೂರು ಮೇಣದಬತ್ತಿ ನಿಲ್ಲಿಸುತ್ತಾರೆ. ಕೊನೆಗೆ ಕೇಕ್, ವೈನ್ ಅಥವಾ ಸೇಬಿನ ರಸ ಹಂಚಿಕೊಂಡು, ಒಂದು ಪಾಲನ್ನು ನೆಲಕ್ಕೆ ಬಿಡುತ್ತಾರೆ. ಸೂರ್ಯ ಹುಟ್ಟುವ ತನಕ ಎದ್ದಿರುವವರೂ ಇದ್ದಾರೆ.

ಇನ್ನು ಹಳೆಯದಾ ಅನ್ನುವ ಪ್ರಶ್ನೆ. ಹಬ್ಬದ ಹೆಸರು ಹಳೆಯದು, ಧರ್ಮ ಹೊಸದು. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 725ರಲ್ಲೇ, ಕ್ರೈಸ್ತರಾಗುವ ಮೊದಲು ತನ್ನ ಜನ ಈ ಚಳಿಗಾಲದ ತಿಂಗಳುಗಳನ್ನು ಯೂಲ್ ಎಂದು ಕರೆಯುತ್ತಿದ್ದರು, ಈಗಿನ ಕ್ರಿಸ್‌ಮಸ್ ರಾತ್ರಿಯನ್ನು 'ತಾಯಂದಿರ ರಾತ್ರಿ' ಅನ್ನುತ್ತಿದ್ದರು ಎಂದು ಬರೆದಿದ್ದಾನೆ. ಆ ರಾತ್ರಿ ಅವರು ಏನೇನು ಮಾಡುತ್ತಿದ್ದರು ಅನ್ನುವುದು ಉಳಿದುಬಂದಿಲ್ಲ. ವಿಕ್ಕಾವನ್ನು ಲೋಕಕ್ಕೆ ತೋರಿಸಿದ್ದು ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವ, ಅದೂ ಮಾಟ ಮಂತ್ರದ ವಿರುದ್ಧ ಇಂಗ್ಲೆಂಡಿನಲ್ಲಿದ್ದ ಹಳೆಯ ವಿಚ್‌ಕ್ರಾಫ್ಟ್ ಕಾಯ್ದೆ 1951ರಲ್ಲಿ ರದ್ದಾದ ಮೇಲೆ. ಚಳಿಯ ರಾಜನಾದ 'ಹಾಲಿ ರಾಜ'ನನ್ನು (ಹಾಲಿ ಅಂದರೆ ಮುಳ್ಳೆಲೆಯ ಒಂದು ಗಿಡ) ಈ ರಾತ್ರಿ 'ಓಕ್ ರಾಜ' ಸೋಲಿಸುವ ಕಥೆಯನ್ನು ನಿಮ್ಮ ಮೊಮ್ಮಕ್ಕಳು ಅಲ್ಲಿ ಕೇಳಬಹುದು, ಆಟದಂತೆ ಆಡಿಯೂ ತೋರಿಸುತ್ತಾರೆ. ಅದು ಬಂದದ್ದು ಹೆಚ್ಚಾಗಿ ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಬರೆದದ್ದರಿಂದ.

ಹೊಸದು ಅಂದ ಮಾತ್ರಕ್ಕೆ ಸುಳ್ಳು ಅಂತ ನಾನು ಒಪ್ಪುವುದಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ. ಅವರ ದೀಪ ನಮ್ಮ ದೀಪದಷ್ಟೇ ನಿಜ. ನಮ್ಮ ಸಂಕ್ರಾಂತಿಯನ್ನೇ ನೋಡಿ, ಸುಮಾರು 1700 ವರ್ಷಗಳ ಹಿಂದೆ ಅದೂ ಇದೇ ದಿನಕ್ಕೆ ಬೀಳುತ್ತಿತ್ತು. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಈಗ ಜನವರಿ ನಡುವಿಗೆ ಸರಿದಿದೆ, ಆದರೂ ನಾವು ಉತ್ತರಾಯಣ ಅಂತ ಎಳ್ಳು ಬೀರುವುದನ್ನು ಬಿಟ್ಟಿಲ್ಲ ಅಲ್ವಾ?

ಎಳ್ಳುಂಡೆ ಮಾಡಿಕೊಂಡೇ ಹೋಗಿ, ಆದರೆ ಎಳ್ಳು, ಶೇಂಗಾ ಆಗದವರಿದ್ದಾರಾ ಎಂದು ಮೊದಲೇ ಕೇಳಿ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಎಂದೂ ಕೇಳಬಹುದು, ಅವರು ತಪ್ಪು ತಿಳಿಯುವುದಿಲ್ಲ. ಕೇಳದೆ ಫೋಟೊ ತೆಗೆಯಬೇಡಿ, ತಾವು ವಿಕ್ಕಾ ಎಂದು ಆಫೀಸಿನಲ್ಲಿ ಹೇಳಿಕೊಳ್ಳದವರು ಅಲ್ಲಿ ಇರಬಹುದು. ಇನ್ನೊಂದು, ಮನೆ ತುಂಬ ಸಿಂಗರಿಸಿರುವ ಹಾಲಿ ಮತ್ತು ಮಿಸಲ್‌ಟೋ ಗಿಡಗಳ ಕಾಯಿ ವಿಷ. ಚಿಕ್ಕವರು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.