ಬೂಟ್ ಆದಾಗ ನ್ಯಾಸ್ ಶೇರ್ ಮೌಂಟ್ ಆಗುತ್ತಿಲ್ಲ, ಸ್ಲೀಪ್ ಜಾಸ್ತಿ ಮಾಡಲೇ?

ಬೇಡ. ಬೂಟ್ ಆದ ಮೇಲೆ ಕಾಯಲು ನೀವು ಹಾಕಿರುವ ಸ್ಲೀಪ್ ಅನ್ನು 30ರಿಂದ 60 ಸೆಕೆಂಡಿಗೆ ಏರಿಸಬೇಡಿ, ಆ ಸಾಲನ್ನೇ ಅಳಿಸಿಬಿಡಿ. ಬೂಟ್ ಆದಾಗ ನ್ಯಾಸ್‌ನ (ನೆಟ್‌ವರ್ಕ್ ಮೂಲಕ ಸಿಗುವ ಸಂಗ್ರಹ ಪೆಟ್ಟಿಗೆಯ) ಶೇರ್, ಅಂದರೆ ಅದರ ಹಂಚಿಕೆಯ ಫೋಲ್ಡರ್, ಸಿಗುವುದಿಲ್ಲ, ಲಾಗಿನ್ ಆಗಿ ಕೈಯಾರೆ ‘ಮೌಂಟ್ -ಎ’ (ಪಟ್ಟಿಯಲ್ಲಿರುವ ಶೇರ್‌ಗಳನ್ನು ಅವುಗಳ ಡೈರೆಕ್ಟರಿಗೆ ಜೋಡಿಸುವ ಆಜ್ಞೆ) ಕೊಟ್ಟರೆ ತಕ್ಷಣ ಬರುತ್ತದೆ ಅಂದಿರಲ್ವಾ? ನನಗೂ ಇದೇ ಆಗಿತ್ತು. ನಾನೂ, ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್‌ನಲ್ಲಿ, ರೀಬೂಟ್ ಆದ ಮೇಲೆ ಸ್ವಲ್ಪ ಹೊತ್ತು ಸ್ಲೀಪ್, ಆಮೇಲೆ ಮೌಂಟ್ ಅಂತ ಬರೆದಿದ್ದೆ. ಎಷ್ಟೋ ಕಾಲ ಚೆನ್ನಾಗಿಯೇ ನಡೆಯಿತು. ಹಾಗಾಗಿ ಅದರ ಕಡೆ ತಿರುಗಿ ನೋಡಲೇ ಇಲ್ಲ.

ಒಮ್ಮೆ ಕರೆಂಟ್ ಹೋಗಿ ಬಂತು. ಲಿನಕ್ಸ್ ಯಂತ್ರ, ನ್ಯಾಸ್ ಎರಡೂ ಒಟ್ಟಿಗೇ ಎದ್ದವು. ನ್ಯಾಸ್ ಏಳುವುದು ಯಾವಾಗಲೂ ನಿಧಾನ. ಅದು ಸಿದ್ಧವಾಗುವ ಮೊದಲೇ ನನ್ನ ಸ್ಲೀಪ್ ಮುಗಿದು, ಮೌಂಟ್ ಒಂದು ಸಲ ಪ್ರಯತ್ನಿಸಿ ಸೋತು ಸುಮ್ಮನಾಯಿತು. ಆ ಯಂತ್ರವನ್ನು ನಾನು ರೀಬೂಟ್ ಮಾಡುವುದೇ ಅಪರೂಪ. ರಾತ್ರಿ ಎಂದಿನಂತೆ, ಬ್ಯಾಕಪ್ ನಕಲು ಮಾಡುವ ಆರ್‌ಸಿಂಕ್ ಓಡಿತು. ಯಾವ ಎರರ್ ಕೂಡ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನಾನು ಕಳೆದುಕೊಂಡಿದ್ದೆಲ್ಲ ಇಲ್ಲೇ. ‘/ಎಮ್‌ಎನ್‌ಟಿ/ಬ್ಯಾಕಪ್’ ಅನ್ನುವುದು ನಾವೇ ಮಾಡಿಟ್ಟ ಒಂದು ಖಾಲಿ ಡೈರೆಕ್ಟರಿ. ಶೇರ್ ಅದರ ಮೇಲೆ ಬಂದು ಕೂತಿರುವಷ್ಟು ಹೊತ್ತು ಅಲ್ಲಿ ಬರೆದಿದ್ದು ನ್ಯಾಸ್‌ಗೆ ಹೋಗುತ್ತದೆ. ಶೇರ್ ಇಲ್ಲದಿದ್ದರೂ ಡೈರೆಕ್ಟರಿ ಇದ್ದೇ ಇರುತ್ತದೆ. ಅದರೊಳಗೆ ಬರೆಯಲೂ ಆಗುತ್ತದೆ. ಬರೆದಿದ್ದು ನಿಮ್ಮ ಯಂತ್ರದ ಡಿಸ್ಕಿಗೇ ಬೀಳುತ್ತದೆ. ಆರ್‌ಸಿಂಕ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು, ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಎರರ್ ಇಲ್ಲ. ಹೀಗೆ ಪ್ರತಿ ರಾತ್ರಿ ನನ್ನ ಕಡತಗಳು ಅದೇ ಡಿಸ್ಕಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಕಲಾಗುತ್ತಿದ್ದವು. ಡಿಸ್ಕ್ ತುಂಬುತ್ತಾ ಬಂದಾಗ ಹಳೆಯ ಲಾಗ್ ಅಳಿಸಿದೆ, ಪ್ಯಾಕೇಜ್ ಕ್ಯಾಶ್ ಅಳಿಸಿದೆ. ಮೌಂಟ್ ಪಾಯಿಂಟ್ (ಶೇರ್ ಕೂರುವ ಆ ಡೈರೆಕ್ಟರಿ) ಒಳಗೆ ನೋಡಲಿಲ್ಲ, ಅದು ನ್ಯಾಸ್‌ನ ಜಾಗ ಅಂತ ನಂಬಿದ್ದೆ. ಆಮೇಲೆ ಆ ಡಿಸ್ಕ್ ಕೆಟ್ಟಿತು. ನ್ಯಾಸ್ ತೆರೆದು ನೋಡಿದರೆ ಬ್ಯಾಕಪ್ ಆ ಕರೆಂಟ್ ಹೋದ ದಿನಕ್ಕೇ ನಿಂತಿತ್ತು. ಅಲ್ಲಿಂದ ಈಚಿನ ಬರಹ, ಫೋಟೋ ಯಾವುದೂ ಸಿಗಲಿಲ್ಲ.

ಹಾಗಾಗಿ ‘ಎಷ್ಟು ಸೆಕೆಂಡ್ ಕಾಯಬೇಕು’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೂಟ್ ಹೊತ್ತಿಗೇ ಶೇರ್ ಮೌಂಟ್ ಆಗಿರಲೇಬೇಕು ಅಂತ ಯಾರು ಹೇಳಿದರು? ಯಾರಾದರೂ ಆ ಡೈರೆಕ್ಟರಿಯನ್ನು ಮುಟ್ಟಿದಾಗ ಆದರೆ ಸಾಕು. ಯಾವುದು ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಆ ಶೇರ್‌ನ ಆಯ್ಕೆಗಳಲ್ಲಿ ‘ನೋಫೇಲ್’ (ಮೌಂಟ್ ಆಗದಿದ್ದರೂ ಬೂಟ್ ನಿಲ್ಲದಿರಲಿ) ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿ. ಆಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಡುವುದನ್ನು ಮರೆಯಬೇಡಿ, ಎಫ್‌ಎಸ್‌ಟ್ಯಾಬ್ ಬದಲಾಗಿದ್ದು ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ತಾನಾಗಿ ತಿಳಿಯುವುದಿಲ್ಲ. ಹೀಗೆ ಮಾಡಿದರೆ ಮುಂದಿನ ಬೂಟ್‌ನಿಂದ ಆ ಡೈರೆಕ್ಟರಿಯ ಮೇಲೆ, ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲೇ ಕಾವಲು ಕೂರುತ್ತದೆ. ಯಾರಾದರೂ ಒಳಗೆ ಹೋದರೆ ಆಗ ಸಿಸ್ಟಮ್‌ಡಿ ಮೌಂಟ್ ಮಾಡುತ್ತದೆ. ಸರ್ವರ್ ಇಲ್ಲದಿದ್ದರೆ ಎರರ್ ಕೊಡುತ್ತದೆ. ನನಗೆ ಬೇಕಾಗಿದ್ದುದು ಆ ಎರರ್.

ಬೂಟ್‌ನಲ್ಲಿ ಯಾಕೆ ಸೋಲುತ್ತಿದೆ ಅಂತಲೂ ತಿಳಿಯಬೇಕಾದರೆ ಈ ಬೂಟ್‌ನ ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್ -ಬಿ’ಯಲ್ಲಿ ಮೌಂಟ್ ಪ್ರಯತ್ನದ ಹೊತ್ತನ್ನೂ ನೆಟ್‌ವರ್ಕ್‌ಗೆ ವಿಳಾಸ ಸಿಕ್ಕ ಹೊತ್ತನ್ನೂ ಹೋಲಿಸಿ. ವೈಫೈ ಆಗಿದ್ದರೆ ನನ್ನ ಮೊದಲ ಅನುಮಾನ ಪಾಸ್‌ವರ್ಡ್ ಎಲ್ಲಿ ಉಳಿದಿದೆ ಅನ್ನುವುದರ ಮೇಲೆ. ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ನಿಮ್ಮೊಬ್ಬರ ಕೀರಿಂಗ್‌ನಲ್ಲಿ (ಲಾಗಿನ್ ಆದಾಗ ತೆರೆಯುವ ಪಾಸ್‌ವರ್ಡ್ ಖಜಾನೆಯಲ್ಲಿ) ಇಟ್ಟಿದ್ದರೆ ನೀವು ಲಾಗಿನ್ ಆಗುವವರೆಗೂ ನೆಟ್‌ವರ್ಕೇ ಇರುವುದಿಲ್ಲ. ಎಷ್ಟು ಸ್ಲೀಪ್ ಹಾಕಿದರೂ ಅಷ್ಟೇ. ಆ ಸಂಪರ್ಕವನ್ನು ಎಲ್ಲ ಬಳಕೆದಾರರಿಗೂ ಅಂತ ಬದಲಿಸಿ. ಇನ್ನು ‘ನೆಟ್‌ವರ್ಕ್-ಆನ್‌ಲೈನ್’ ಟಾರ್ಗೆಟ್ (ನೆಟ್‌ವರ್ಕ್ ಬರುವವರೆಗೆ ಕಾಯಲು ಸಿಸ್ಟಮ್‌ಡಿಯ ಒಂದು ಹಂತ) ಬಗ್ಗೆ ತುಂಬಾ ಜನ ಹೇಳುತ್ತಾರೆ. ಅದು ನಿಮ್ಮ ಯಂತ್ರ ನೆಟ್‌ವರ್ಕ್‌ಗೆ ಸೇರಿತು ಅಂತ ಹೇಳಬಹುದು, ಅದೂ ಅದರ ವೇಟ್-ಆನ್‌ಲೈನ್ ಸರ್ವಿಸ್ ಚಾಲೂ ಇದ್ದರೆ. ಆಚೆ ಕಡೆ ನ್ಯಾಸ್ ಎದ್ದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇದು ನೆಟ್‌ವರ್ಕ್ ಬೇಕಾದ ಮೌಂಟ್ ಅಂತ ಹೇಳುವ ‘_ನೆಟ್‌ಡೆವ್’ ಆಯ್ಕೆ ಕೂಡ ನಿಮ್ಮ ಗಂಟನ್ನು ಬಿಡಿಸುವುದಿಲ್ಲ. ಶೇರ್ ಹಂಚುವ ವಿಧಾನಗಳಾದ ಎನ್‌ಎಫ್‌ಎಸ್, ಸಿಐಎಫ್‌ಎಸ್ (ಎಸ್‌ಎಂಬಿ) ಎರಡೂ ನೆಟ್‌ವರ್ಕ್ ಫೈಲ್‌ಸಿಸ್ಟಮ್ ಅಂತ ಸಿಸ್ಟಮ್‌ಡಿಗೆ ಮೊದಲೇ ಗೊತ್ತು.

ಪಾಸ್‌ವರ್ಡ್ ಫೈಲ್, ಎಸ್‌ಎಂಬಿ ವರ್ಷನ್ ಬದಲಿಸಿ ಅಂತ ಸಲಹೆ ಬಂದರೆ ಸುಮ್ನೆ ಬಿಡಿ. ಅದು ತಪ್ಪಿದ್ದರೆ ಕೈಯಾರೆ ಕೊಟ್ಟಾಗಲೂ ಎರರ್ 13 (ಅನುಮತಿ ಇಲ್ಲ) ಅಥವಾ 112 (ಸರ್ವರ್ ಉತ್ತರಿಸುತ್ತಿಲ್ಲ) ಬರಬೇಕಿತ್ತು. ಎನ್‌ಎಫ್‌ಎಸ್ ಇದ್ದು, ಸರ್ವರ್ ಹೋದಾಗ ಎಲ್ಲ ನೇತುಬೀಳುತ್ತದೆ ಅಂತ ‘ಸಾಫ್ಟ್’ (ಸ್ವಲ್ಪ ಹೊತ್ತು ಕಾದು ಕೈಬಿಡು) ಆಯ್ಕೆ ಹಾಕಲು ಹೇಳುವವರೂ ಇದ್ದಾರೆ. ಬರೆಯುವ ಶೇರ್‌ಗೆ ದಯವಿಟ್ಟು ಹಾಕಬೇಡಿ. ಸರ್ವರ್ ತಡವಾದಾಗ ಬರವಣಿಗೆ ಅರ್ಧಕ್ಕೇ ನಿಂತು, ಕಡತ ಕೆಟ್ಟಿದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಆಟೋಮೌಂಟ್ ಒಂದನ್ನೇ ನಾನು ಈಗಲೂ ನಂಬುವುದಿಲ್ಲ. ಪದೇ ಪದೇ ಸೋತರೆ ಸಿಸ್ಟಮ್‌ಡಿ ಆ ಆಟೋಮೌಂಟ್ ಯೂನಿಟ್ಟನ್ನೇ ಕೈಬಿಡಬಹುದು. ಆಗ ಮತ್ತೆ ಅದೇ ಖಾಲಿ ಡೈರೆಕ್ಟರಿ. ಅದಕ್ಕೆ ಆಟೋಮೌಂಟ್, ಶೇರ್ ಎರಡನ್ನೂ ಇಳಿಸಿ, ಖಾಲಿ ಡೈರೆಕ್ಟರಿಗೆ ‘ಚಾಟರ್ +ಐ’ (ಬದಲಾಯಿಸಲಾಗದಂತೆ ಬೀಗ ಹಾಕುವ ಆಜ್ಞೆ) ಕೊಡಿ. ಆಮೇಲೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಕೂಡ ಅದರೊಳಗೆ ಹೊಸ ಫೈಲ್ ಮಾಡಲಾರ. ಶೇರ್ ಅದರ ಮೇಲೆ ಕೂರಲು ಮಾತ್ರ ಇದು ಅಡ್ಡಿಯಾಗುವುದಿಲ್ಲ. ಇಷ್ಟು ಚಿಕ್ಕ ಆಜ್ಞೆ ನನಗೆ ಆಗಲೇ ಗೊತ್ತಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಬ್ಯಾಕಪ್ ಸ್ಕ್ರಿಪ್ಟಿನಲ್ಲೂ ಒಂದು ತಪಾಸಣೆ ಬೇಕು. ಇಲ್ಲಿ ಏನಾದರೂ ಮೌಂಟ್ ಆಗಿದೆಯೇ ಅಂತ ನೋಡುವ ‘ಮೌಂಟ್‌ಪಾಯಿಂಟ್ -ಕ್ಯೂ’ ಸಾಲದು, ಆಟೋಮೌಂಟ್ ಕಾವಲು ಕೂತಿದ್ದರೆ ಸಾಕು, ಅದು ಹೌದು ಅಂದುಬಿಡುತ್ತದೆ. ಬದಲಿಗೆ ನ್ಯಾಸ್‌ನ ಒಳಗೇ ಒಂದು ಗುರುತಿನ ಫೈಲ್ ಇಡಿ. ಅದು ಕಂಡರೆ ಮಾತ್ರ ಆರ್‌ಸಿಂಕ್ ಓಡಲಿ, ಇಲ್ಲದಿದ್ದರೆ ಸ್ಕ್ರಿಪ್ಟ್ ಎರರ್ ಹೇಳಿ ನಿಲ್ಲಲಿ. ಶೇರ್‌ನಿಂದ ಈ ಕಡೆಗೆ ನಕಲು ಮಾಡುವವರಿಗೆ ಇದು ಇನ್ನೂ ಮುಖ್ಯ. ಮೂಲ ಖಾಲಿ ಇದ್ದು ‘--ಡಿಲೀಟ್’ (ಮೂಲದಲ್ಲಿ ಇಲ್ಲದ್ದನ್ನು ಅಳಿಸು) ಇದ್ದರೆ ಈ ಕಡೆಯದೆಲ್ಲ ಅಳಿಸಿಹೋಗುತ್ತದೆ.

ನಿಮ್ಮಲ್ಲೂ ಈಗಾಗಲೇ ಕೆಲವು ಬ್ಯಾಕಪ್ ತಪ್ಪು ಡಿಸ್ಕಿಗೆ ಬಿದ್ದಿರಬಹುದು. ಆಮೇಲೆ ಶೇರ್ ಮೌಂಟ್ ಆದಾಗ ಅವು ಅದರ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಕಡತಗಳ ಗಾತ್ರ ಕೂಡಿಸುವ ‘ಡಿಯು’ಗೆ ಕಾಣುವುದಿಲ್ಲ, ಇಡೀ ಡಿಸ್ಕಿನ ಜಾಗ ಹೇಳುವ ‘ಡಿಎಫ್’ ಮಾತ್ರ ಜಾಗ ತುಂಬಿದೆ ಅನ್ನುತ್ತದೆ. ‘ಮೌಂಟ್ --ಬೈಂಡ್’ ಬಳಸಿ ರೂಟ್ ಫೈಲ್‌ಸಿಸ್ಟಮನ್ನು (‘/’) ಬೇರೊಂದು ಡೈರೆಕ್ಟರಿಗೆ ತಂದು, ಅಲ್ಲಿಂದ ಆ ಮೌಂಟ್ ಪಾಯಿಂಟಿನ ಒಳಗೆ ನೋಡಿ. ಇದನ್ನು ಇವತ್ತೇ ಮಾಡಿ, ‘ಚಾಟರ್’ಗೂ ಮೊದಲು.

ಎಲ್ಲ ಮುಗಿದ ಮೇಲೆ ನ್ಯಾಸ್‌ನ ನೆಟ್‌ವರ್ಕ್ ಕೇಬಲ್ ಕಿತ್ತು, ನಿಮ್ಮ ಯಂತ್ರ ರೀಬೂಟ್ ಮಾಡಿ, ಬ್ಯಾಕಪ್ ಸ್ಕ್ರಿಪ್ಟ್ ಓಡಿಸಿ. ಎರರ್ ಬರಬೇಕು. ಆಮೇಲೆ ಕೇಬಲ್ ಹಾಕಿ ಮತ್ತೆ ಓಡಿಸಿ. ಈ ಸಲ ಯಾವ ‘ಮೌಂಟ್ -ಎ’ಯೂ ಇಲ್ಲದೆ ಓಡಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಆ ಹೊತ್ತಿನ ಜರ್ನಲ್ ಸಾಲುಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ.