ಹಳ್ಳದ ಕಲ್ಲಿನಡಿ ಇರೋ ಹುಳ ನೋಡಿ ನೀರು ಚೆನ್ನಾಗಿದೆಯಾ ಅಂತ ಹೇಳಬಹುದಾ?

ಖಂಡಿತ ಹೇಳಬಹುದು. ಟೆಸ್ಟಿಗೆ ಅಂತ ಬಾಟ್ಲಿಲಿ ತುಂಬ್ಕೊಂಡು ಹೋದ ನೀರು ಆ ಕ್ಷಣದ ಕಥೆ ಮಾತ್ರ ಹೇಳುತ್ತೆ, ಹಿಂದಿನ ವಾರ ಯಾವ್ದೋ ಎಸ್ಟೇಟಿಂದ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋ ಕೆಲಸ) ಮಾಡಿದ ಕೊಳೆ ನೀರು ಬಂದು ಹರಿದು ಹೋಗಿದ್ರೆ ಅದ್ರಲ್ಲಿ ಗೊತ್ತಾಗದೇ ಇರಬಹುದು, ಆದ್ರೆ ತಳದ ಹುಳಗಳು ಎಷ್ಟೋ ವಾರ, ಕೆಲವು ತಿಂಗಳುಗಟ್ಟಲೆ ಅಲ್ಲೇ ಬದುಕ್ತವೆ, ಮೀನಿನ ತರ ದೂರ ಓಡಕ್ಕಾಗಲ್ಲ, ಹಾಗಾಗಿ ಬಂದಿದ್ದೆಲ್ಲ ಅನುಭವಿಸಲೇಬೇಕು.

ಮಲೆನಾಡಿನ ಹಳ್ಳದಲ್ಲಿ ನೀರು ಜುಳುಜುಳು ಹರಿಯೋ ಕಡೆ ಒಂದು ಕಲ್ಲೆತ್ತಿ ಮಗುಚಿ ನೋಡಿ. ಹೊಟ್ಟೆ ಪಕ್ಕದಲ್ಲಿ ಎಲೆ ತರ ಪಟಪಟ ಅಲುಗೋ ಕಿವಿರು, ಹಿಂದೆ ಎರಡೋ ಮೂರೋ ಬಾಲ ಇದ್ರೆ ಅದು ಮೇಫ್ಲೈ ಅನ್ನೋ ಕೀಟದ ಮರಿ. ಮರಳಿನ ಕಾಳುಗಳನ್ನ ತನ್ನದೇ ರೇಷ್ಮೆಯಲ್ಲಿ ಅಂಟಿಸ್ಕೊಂಡು ಪುಟ್ಟ ಕೊಳವೆ ಕಟ್ಕೊಂಡಿದ್ರೆ ಕ್ಯಾಡಿಸ್‌ಫ್ಲೈ ಅನ್ನೋ ಕೀಟದ ಮರಿ, ಎಷ್ಟು ಚೆಂದ ಇರುತ್ತೆ ಅಂದ್ರೆ ನೋಡ್ತಾನೇ ಇರಬೇಕು ಅನ್ಸುತ್ತೆ! ಇವು, ಜೊತೆಗೆ ಸ್ಟೋನ್‌ಫ್ಲೈ ಅನ್ನೋ ಇನ್ನೊಂದು ಕೀಟದ ಮರಿ, ಮೂರರಲ್ಲೂ ಹೆಚ್ಚಿನವಕ್ಕೆ ಆಕ್ಸಿಜನ್ ಚೆನ್ನಾಗಿರೋ ನೀರೇ ಬೇಕು.

ಅದೇ ಚರಂಡಿ ಸೇರೋ ಜಾಗದಲ್ಲಿ ಕೆಸರು ಕೆದಕಿದ್ರೆ ಬರೀ ಕೆಂಪು ಹುಳ, ಅಂದ್ರೆ ಸೊಳ್ಳೆ ತರದ ಒಂದು ಕೀಟದ ಲಾರ್ವಾ. ಅವಕ್ಕೆ ನಮ್ಮ ತರಾನೇ ಹಿಮೋಗ್ಲೋಬಿನ್ ಇರುತ್ತೆ, ಅದಕ್ಕೇ ಉಸಿರು ಕಟ್ಟೋ ನೀರಲ್ಲೂ ಬದುಕ್ತವೆ. ಇಂಥ ಹುಳಗಳ ಕುಟುಂಬ ನೋಡಿ ನೀರನ್ನ ಅಳೆಯೋ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಸ್ಕೋರಲ್ಲಿ (ಅಂಕ ಹೆಚ್ಚಿದ್ದಷ್ಟೂ ಚೊಕ್ಕ ನೀರು ಬೇಕು ಅಂತ) ಬಹುಪಾಲು ಸ್ಟೋನ್‌ಫ್ಲೈ ಕುಟುಂಬಗಳಿಗೆ 10 ಅಂಕ, ಈ ಕೆಂಪು ಲಾರ್ವಾ ಕುಟುಂಬಕ್ಕೆ 2, ಎರೆಹುಳದ ಜಾತಿಯವಕ್ಕೆ 1.

ಜೋರು ಮಳೆಗಾಲದಲ್ಲಿ ನೋಡ್ಬೇಡಿ, ಪ್ರವಾಹಕ್ಕೆ ಕೊಚ್ಚಿ ಹೋಗಿರ್ತವೆ. ಮತ್ತೆ ಮೇಫ್ಲೈ ಇದೆ ಅಂತ ಕುಡಿಯಕ್ಕೆ ಹೋಗ್ಬೇಡಿ, ಕಾಯಿಲೆ ತರೋ ಬ್ಯಾಕ್ಟೀರಿಯಾ ಇದೆಯಾ ಇಲ್ವಾ ಅಂತ ಈ ಹುಳಗಳು ಹೇಳಲ್ಲ. ನೋಡಿದ್ಮೇಲೆ ಕಲ್ಲನ್ನ ಹೇಗಿತ್ತೋ ಹಾಗೇ ವಾಪಸ್ ಇಡಿ.