ಔಷಧಿ ಹೊಡೆಯುವ ಮೊದಲೇ ಮಳೆ ಹಿಡಿದರೆ

ಅಣ್ಣ, ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಎರಡೂ ಬೆರೆಸಿದ ಔಷಧಿ) ಮೊದಲ ಸಲದ್ದೇ ಇನ್ನೂ ಹೊಡೆದಿಲ್ಲ, ಈಗ ಹೊಡೆದರೆ ದುಡ್ಡು ನೀರಿಗೆ ಹಾಕಿದ ಹಾಗಾ ಅಂತ ಕೇಳಿದ್ದೀರಿ. ಖಂಡಿತ ಹೊಡೆಯಿರಿ. ತಡವಾಯಿತು ಅಂತ ಸುಮ್ನೆ ಕೂತರೇ ನಷ್ಟ ಜಾಸ್ತಿ.

ನಾನು ಇದನ್ನು ಪೆಟ್ಟು ತಿಂದು ಕಲಿತದ್ದು. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಔಷಧಿ ಮುಗಿಸುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದ ರೂಢಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮಲ್ಲಿ ರೋಹಿಣಿ ಹುಟ್ಟುವ ಮುಂಚೆಯೇ ಮಳೆ ಹಿಡಿಯಿತು. ಮೈಲುತುತ್ತ ಇನ್ನೂ ಅಂಗಡಿಯಲ್ಲಿತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬೇರೆ ಊರಲ್ಲಿದ್ದ. ಇನ್ನು ಹೊಡೆದು ಏನು ಪ್ರಯೋಜನ ಅಂತ ಬಿಟ್ಟುಬಿಟ್ಟೆ. ಆಮೇಲೆ ಒಂದು ದಿನ ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿ ಅಡಿಕೆ. ಒಂದನ್ನು ಎತ್ತಿ ನೋಡಿದೆ. ತೊಟ್ಟಿನ ಪಕ್ಕ ನೀರು ಕುಡಿದ ಹಾಗೆ ಕಡುಹಸಿರು ಕಲೆ, ಮೈಯಲ್ಲಿ ಹೊಳಪೇ ಇಲ್ಲ. ಎರಡು ದಿನ ಬಿಟ್ಟು ನೋಡಿದರೆ ಮೇಲೆಲ್ಲ ಬಿಳಿ ಬೂಷ್ಟು. ಆ ನೋವು ಇನ್ನೂ ಹೋಗಿಲ್ಲ.

ಅದಕ್ಕೆರಡು ವರ್ಷ ಹಿಂದೆ, 2023ರಲ್ಲಿ, ಇದೇ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಆ ವರ್ಷದ ಆಗಸ್ಟ್ ಅಂತೂ ದೇಶಕ್ಕೇ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಇನ್ನು ಪಂಚಾಂಗ ನೋಡಿ ಔಷಧಿ ಹೊಡೆಯೋ ಕಾಲ ಅಲ್ಲ ಅಣ್ಣ. ನಾನೀಗ ಏಪ್ರಿಲ್ ಮುಗಿಯುವುದರೊಳಗೆ ಮೈಲುತುತ್ತ, ಸುಣ್ಣ ಎರಡೂ ಮನೆಗೆ ತಂದು ಇಟ್ಟುಕೊಳ್ಳುತ್ತೇನೆ. ಕೊನೆಗಾರನಿಗೂ ಆಗಲೇ ಹೇಳಿಡುತ್ತೇನೆ.

ನಿಮ್ಮ ಈಗಿನ ಕೆಲಸ ಹೊಳವು, ಅಂದರೆ ಮಳೆ ಬಿಡುವ ಹೊತ್ತು, ಕಾಯುವುದು. ಅರ್ಧ ದಿನದ ಹೊಳವು ಸಿಕ್ಕರೂ ಸಾಕು. ಕೊನೆಯ (ಅಡಿಕೆ ಗೊಂಚಲಿನ) ಮೇಲಿನ ನೀರು ಆರಿರಬೇಕು, ಹೊಡೆದ ಮೇಲೆ ಮೂರು ನಾಲ್ಕು ಗಂಟೆ ಮಳೆ ಬರಬಾರದು. ಕಾಯಿಯ ಮೇಲೆ ತಿಳಿ ನೀಲಿ ಪದರ ಒಣಗಿ ಕೂತಿತು ಅಂದರೆ ಆಮೇಲೆ ಸುಲಭಕ್ಕೆ ತೊಳೆದು ಹೋಗುವುದಿಲ್ಲ. ರಾಳದ ಅಂಟು ಬೆರೆಸಿದರೆ ಇನ್ನೂ ಗಟ್ಟಿ.

ಅವಸರದಲ್ಲಿ ಎಲ್ಲರೂ ತಪ್ಪುವುದು ಬೋರ್ಡೋ ಪಾಕ ಬೆರೆಸುವುದರಲ್ಲಿ. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ. ಡ್ರಮ್ ಪ್ಲಾಸ್ಟಿಕ್‌ದೇ ಇರಲಿ, ಕಬ್ಬಿಣದ್ದು ಬೇಡವೇ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕೋಲಿನಲ್ಲಿ ತಿರುವುತ್ತಿರಬೇಕು. ಉಲ್ಟಾ ಮಾಡಬೇಡಿ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ. ಹಳೇ ಸುಣ್ಣದ ಪುಡಿಯಾದರೆ ಹೀಗೆ ಆಗುವುದೇ ಜಾಸ್ತಿ. ಮಾಡಿದ ಪಾಕ ಅವತ್ತೇ ಮುಗಿಸಿ, ನಾಳೆಗೆ ಇಡಬೇಡಿ.

ಮಳೆಯಲ್ಲೂ ಮಾಡಬಹುದಾದ ಕೆಲಸ ಇದೆ. ಬಿದ್ದ ಅಡಿಕೆ ಆರಿಸಿ ತೋಟದಿಂದ ಹೊರಗೆ ಹಾಕಿ. ರೋಗ ಮಳೆಹನಿ ಸಿಡಿದೇ ಹಬ್ಬುವುದು ಅಲ್ವಾ. ಬಸಿಗಾಲುವೆಯಲ್ಲಿ ಸೋಗೆ ಹಾಳೆ ಸಿಕ್ಕಿಕೊಂಡಿದ್ದರೆ ಬಿಡಿಸಿ. ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದರೆ ಇದು ಇನ್ನೂ ಮುಖ್ಯ, ನೀರು ನಿಂತರೆ ಬಳ್ಳಿ ಸೊರಗು ಹಿಡಿಯುತ್ತದೆ. ಕೊಳೆ ಹತ್ತಿದ ಕೊನೆಯನ್ನು ಮರದಲ್ಲಿ ಒಣಗಲು ಬಿಡಬೇಡಿ. ಅದೇ ಸುಳಿಗೂ ಇಳಿಯಬಹುದು, ಮುಂದಿನ ವರ್ಷದ ರೋಗಕ್ಕೂ ಬೀಜ ಆಗುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಹೊಳವು ಬಂತು ಅಂತ ಒದ್ದೆ ಮರಕ್ಕೆ ಯಾರನ್ನೂ ಹತ್ತಿಸಬೇಡಿ. ಪಾಚಿ ಹಿಡಿದ ಮರದಲ್ಲಿ ಕಾಲು ನಿಲ್ಲುವುದಿಲ್ಲ. ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಹೊಡೆಯುವವರು ಸಿಕ್ಕರೆ ಅವರನ್ನೇ ಕರೆಯಿರಿ. ಸಿಗದಿದ್ದರೆ ಒಂದು ದಿನ ತಡವಾದರೂ ಆಗಲಿ, ಮರ ಆರಲಿ.

ಶುರು ಮಾಡುವಾಗ ಕೆಳಗಿನ ತಗ್ಗು ತೋಟದಿಂದ ಮಾಡಿ. ಗಾಳಿ ಬೆಳಕು ಕಡಿಮೆ ಇರುವಲ್ಲೇ ಕೊಳೆ ಮೊದಲು ಕಾಣುವುದು. ಹೊಡೆದ ದಿನದಿಂದ ಲೆಕ್ಕ ಇಟ್ಟು 40–45 ದಿನಕ್ಕೆ ಎರಡನೇ ಸಲ. ಅಷ್ಟರೊಳಗೆ ಉದುರಿದ ಅಡಿಕೆ ಸಿಕ್ಕರೆ ತೊಟ್ಟು ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ, ಕೊಳೆಯಾ ಬೇರೇನಾ ನೋಡೋಣ.